ಅಯೋವಾದಲ್ಲಿ ಕಾವೇರಿ ನೀರು ಬರುತ್ತಾ?

ನಮ್ಮ ಮಾಮನಿಗೆ ಅಮೆರಿಕಾದ ಅಯೋವಾ ರಾಜ್ಯದ ಬಚ್ಚಲುಮನೆಗಳ ಬಗ್ಗೆ ಗೊತ್ತಿರುವಷ್ಟು ಅಲ್ಲಿನ ಗವರ್ನರಿಗೂ ಗೊತ್ತಿರಲಾರದು. ಯಾವ ಹಳ್ಳಿಯ ಕ್ಯಾಂಪ್‌ಗ್ರೌಂಡಿನಲ್ಲಿ ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತೆ, ಎಲ್ಲಿ ಟೆಂಟು ಹಾಕಿದರೆ ಇರುವೆ ಕಾಟ, ಎಲ್ಲಿ ಗಾಡಿ ನಿಲ್ಲಿಸಿದರೆ ಗೂಡ್ಸ್ ರೈಲು ಕೂಗಿ ಎಬ್ಬಿಸುತ್ತೆ, ಎಲ್ಲಾ ಬಾಯಿಪಾಠ! ಹೋಗಿ ನೋಡಿಕೊಂಡು ಬಂದಿದ್ದಾರಾ ಅಂತೀರಾ? ಅಯ್ಯೋ ಬಿಡಿ! ಕತ್ರಿಗುಪ್ಪೆಯ ಮನೆಯಿಂದ ಹೊರಟು ಜಯನಗರದ ನಮ್ಮ ಮನೆ ಸೇರಿದರೆ "ಸುಖವಾಗಿ ತಲುಪಿದೆ" ಅಂತ ಹೆಂಡತಿಗೆ ಫೋನ್ ಮಾಡೋ ಮನುಷ್ಯ ಅವರು. ಪಾಸ್‌ಪೋರ್ಟು ಇಲ್ಲ. ಜೀವಮಾನದಲ್ಲಿ ಒಂದು ದಿನ ಟೆಂಟಿನಲ್ಲಿ ಮಲಗಿದವರಲ್ಲ.

ಮಾಮ ಅಂದರೆ ನಮ್ಮಮ್ಮನ ತಮ್ಮ. ಸರ್ಕಾರಿ ಕಚೇರಿಯಿಂದ ರಿಟೈರ್ ಆದವರು. ಆದರೆ ನೆಂಟರಿಷ್ಟರ ನಡುವೆ ಅವರ ಹೆಸರು ಕೆಟ್ಟಿದ್ದು, ಅಲ್ಲಲ್ಲ, ಪ್ರಸಿದ್ಧವಾಗಿದ್ದು ಬಾಡಿಗೆ ಮನೆ ಹುಡುಕಿಕೊಡೋದಕ್ಕೆ. ತ್ಯಾಗರಾಜನಗರದಿಂದ ಬಿಟಿಎಂ ಲೇಔಟಿನವರೆಗೆ ನಮ್ಮ ವಂಶದಲ್ಲಿ ಯಾರು ಎಲ್ಲಿ ಬಾಡಿಗೆಗೆ ಹೋದರೂ ಮೊದಲು ಆ ಮನೆ ಮಾಮನ ಕೈಯಲ್ಲಿ ಪಾಸಾಗಬೇಕು. ಅವರ ಪದ್ಧತಿಯೇ ಬೇರೆ. ಓನರನ್ನ ಏನೂ ಕೇಳೋದಿಲ್ಲ. "ಓನರ್ ಯಾವತ್ತಾದರೂ ನಿಜ ಹೇಳ್ತಾನೇನೆ?" ಅನ್ನೋದು ಅವರ ವಾದ. ಬೀದಿ ತುದಿಯ ಹೂವಿನವಳನ್ನ ಕೇಳ್ತಾರೆ, ಇಸ್ತ್ರಿಯವನನ್ನ ಕೇಳ್ತಾರೆ. ಆಮೇಲೆ ಮೊಸರನ್ನದ ಡಬ್ಬಿ ತಗೊಂಡು ಹೋಗಿ ಆ ಖಾಲಿ ಮನೆಯಲ್ಲಿ ಬೆಳಗಿಂದ ಸಂಜೆವರೆಗೆ ಸುಮ್ಮನೆ ಕೂರ್ತಾರೆ! ನೀರು ಯಾವಾಗ ಬಂತು, ಕರೆಂಟು ಯಾವಾಗ ಹೋಯ್ತು, ಪಕ್ಕದ ಮನೆ ಒಗ್ಗರಣೆ ಯಾವ ಕಿಟಕಿಯಿಂದ ನುಗ್ಗುತ್ತೆ, ಎಲ್ಲಾ ಬರ್ಕೊಳ್ತಾರೆ. ನನ್ನ ಮದುವೆಯಾದ ಹೊಸದರಲ್ಲಿ ಹನ್ನೊಂದು ಮನೆ ಹೀಗೆ ಫೇಲ್ ಮಾಡಿದ್ದರು. "ಮಾಮ, ಮನೆ ಸಿಗೋದರೊಳಗೆ ನಮ್ಮ ಷಷ್ಟಿಪೂರ್ತಿ ಆಗುತ್ತೆ" ಅಂದೆ. "ಆಗ್ಲಿ, ಒಳ್ಳೆ ಮನೇಲಿ ಆಗ್ಲಿ" ಅಂದರು.

ಇಂಥ ಮಾಮನಿಗೆ ಸಿಕ್ಕಿದ್ದು ನಮ್ಮ ಅತ್ತೆ. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಪ್ರತಿವರ್ಷ ಗೈಡ್ಸ್ ಹುಡುಗಿಯರನ್ನ ಕರ್ಕೊಂಡು ಕ್ಯಾಂಪಿಗೆ ಹೋಗಿ, ಗೂಟ ಹೊಡೆದು, ಹಗ್ಗ ಬಿಗಿದು, ಟೆಂಟಿನಲ್ಲಿ ಮಲಗಿ ಬಂದವರು. ವಿಷಲ್ ಊದಿದರೆ ಬೀದಿ ನಾಯಿಗಳೂ ಸಾಲಾಗಿ ನಿಲ್ಲುತ್ತಿದ್ದವು ಅಂತ ಮಾಮನೇ ಹೇಳ್ತಾರೆ. ನಾಲ್ಕು ವರ್ಷದ ಹಿಂದೆ ಅವರ ಕಿಡ್ನಿ ಕೈಕೊಟ್ಟಿತು. ಮನೆಯಲ್ಲೇ ಮಾಡಿಕೊಳ್ಳೋ ಡಯಾಲಿಸಿಸ್. ರಾತ್ರಿ ಮಲಗುವಾಗ ಹೊಟ್ಟೆಯ ಟ್ಯೂಬನ್ನು ಒಂದು ಯಂತ್ರಕ್ಕೆ ಜೋಡಿಸಿಕೊಂಡರೆ ಬೆಳಗಿನವರೆಗೆ ಅದು ತನ್ನ ಪಾಡಿಗೆ ಕೆಲಸ ಮಾಡುತ್ತೆ. ದಿನಾ. ಹಬ್ಬವಿರಲಿ, ಮದುವೆಯಿರಲಿ, ರಾತ್ರಿ ಆ ರೂಮಿಗೇ ವಾಪಸ್ಸು ಬರಬೇಕು.

ಹೋದ ವರ್ಷ ಒಂದು ಸಂಜೆ ಅತ್ತೆ ಅವರೆಕಾಯಿ ಸುಲೀತಾ ಇದ್ದವರು ತಲೆ ಎತ್ತದೆ ಅಂದರು: "ಒಂದೇ ಒಂದು ರಾತ್ರಿ ಈ ರೂಮು ಬಿಟ್ಟು ಬೇರೆ ಎಲ್ಲಾದರೂ ಮಲಗಬೇಕು ಅನ್ನಿಸುತ್ತೆ ಕಣೆ. ಮರ ಇದ್ದರೆ ಸಾಕು." ಡಾಕ್ಟರನ್ನ ಕೇಳಿದ್ದಾಯ್ತು. ಯಂತ್ರವನ್ನ ಜೊತೆಗೆ ಒಯ್ಯಬಹುದು, ಆದರೆ ಜಾಗ ಶುಚಿಯಾಗಿರಬೇಕು, ಕರೆಂಟು ಹೋಗಬಾರದು, ಆಸ್ಪತ್ರೆ ಹತ್ತಿರ ಇರಬೇಕು ಅಂದರು. ಸೋಂಕು ತಗುಲಿದರೆ ಮಾತ್ರ ಕಷ್ಟ, ಈ ಮನೆ ಯಂತ್ರವೂ ಕೈತಪ್ಪಿ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಅಲೆಯಬೇಕಾಗಬಹುದು ಅಂತಲೂ ಹೇಳಿದರು. ಅಂದರೆ ಎಲ್ಲಾ ಜಾಗ ಆರಿಸೋದರ ಮೇಲೆ ನಿಂತಿತು. ಜಾಗ ಆರಿಸೋದು! ಮಾಮ ಅಂಗಿ ತೋಳು ಮಡಿಸಿದರು.

ಮೊದಲು ನಮ್ಮ ಸುತ್ತಮುತ್ತಲಿನ ಕ್ಯಾಂಪ್‌ಗಳ ಬಗ್ಗೆ ಮೊಬೈಲಿನಲ್ಲಿ ಜನ ಬರೆದದ್ದನ್ನ ಓದಿದರು. "ಸೂಪರ್ ಪ್ಲೇಸ್ ಗುರು", "ಸಖತ್ ಚಿಕನ್", "ಫುಲ್ ಮಜಾ ಮಗಾ". ಮಾಮನಿಗೆ ಮೈಯೆಲ್ಲಾ ಉರಿದುಹೋಯ್ತು. "ಪ್ಲಗ್ ಪಾಯಿಂಟ್ ಎಲ್ಲಿದೆ ಅಂತ ಒಬ್ಬನಾದರೂ ಬರೆದಿದ್ದಾನಾ? ಚಿಕನ್ನಿಗೆ ಟ್ಯೂಬ್ ಹಾಕ್ಲಾ ನಾನು?" ಹೀಗೆ ಹುಡುಕುತ್ತಾ ಹುಡುಕುತ್ತಾ ಅದು ಹೇಗೋ ಅಮೆರಿಕಾದ ನಟ್ಟನಡುವಿನ ಮುಸುಕಿನ ಜೋಳದ ಸೀಮೆಗೆ ಜಾರಿಬಿಟ್ಟರು. ಅಲ್ಲಿ ರಿಟೈರ್ ಆದ ಗಂಡ ಹೆಂಡತಿಯರು ಆರ್‌ವಿ ಅನ್ನೋ ಗಾಡಿಯಲ್ಲಿ ಅಡುಗೆಮನೆ, ಬಚ್ಚಲು, ಮಂಚ ಎಲ್ಲಾ ಇಟ್ಕೊಂಡು ಊರೂರು ಸುತ್ತುತ್ತಾರಂತೆ. ಎಷ್ಟೋ ಜನ ಅತ್ತೆಯಂಥದೇ ಯಂತ್ರವನ್ನ ಗಾಡಿಯಲ್ಲಿಟ್ಟುಕೊಂಡೇ! ನಿಂತ ಕಡೆಯೆಲ್ಲಾ ಅವರು ಬರೆದಿಡುವ ವಿವರ ನೋಡಬೇಕು ನೀವು: ನೆಲ ಯಾವ ಕಡೆಗೆ ಮೂರು ಇಂಚು ವಾಲಿದೆ, ನಲ್ಲಿ ಎಡಕ್ಕೋ ಬಲಕ್ಕೋ, ಪಕ್ಕದ ಮರದಿಂದ ಅಂಟು ಸುರಿಯುತ್ತೋ ಇಲ್ಲವೋ. ಮಾಮ ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮವರು ಕಣೆ ಇವರು! ನಮ್ಮ ಪೈಕಿ!"

ಅಲ್ಲಿಂದ ಮೂರು ತಿಂಗಳು ಅಯೋವಾ. ಕಾಫಿಗೆ ಅಯೋವಾ, ಊಟಕ್ಕೆ ಅಯೋವಾ. ಒಂದು ಸಣ್ಣ ಕ್ಯಾಂಪ್‌ಗ್ರೌಂಡಿನ ಹದಿನಾಲ್ಕನೇ ನಂಬರ್ ಜಾಗ ಅವರಿಗೆ ಮನಸ್ಸಿಗೆ ಬಂದುಬಿಟ್ಟಿತು. ಹೋಗೋದಿಲ್ಲ, ಹೋಗೋ ಹಾಗೂ ಇಲ್ಲ. ಆದರೂ ಒಂದು ಸಂಜೆ ಏಳು ಗಂಟೆಗೆ, ಅಲ್ಲಿ ಬೆಳಗಾಗಿರುತ್ತೆ ಅಂತ ಲೆಕ್ಕ ಹಾಕಿ, ಫೋನ್ ಮಾಡೇಬಿಟ್ಟರು! ನಾನೂ ಅತ್ತೆಯೂ ಸೋಫಾದ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದೆವು. ಆ ಕಡೆ ಎತ್ತಿಕೊಂಡವರು ಆ ಜಾಗ ನಡೆಸೋ ಹೆಂಗಸು, ದನಿ ಕೇಳಿದರೆ ಮಾಮನ ವಯಸ್ಸಿನವರೇ.

"ಮೇಡಂ, ಒನ್ ಸ್ಮಾಲ್ ಡೌಟ್" ಅಂತ ಶುರುಮಾಡಿದರು ಮಾಮ. ಕೈಯಲ್ಲಿ ನಲವತ್ತೊಂದು ಪ್ರಶ್ನೆಗಳ ಪಟ್ಟಿ. ನೀರು ಕಾರ್ಪೊರೇಷನ್ನದೋ ಬೋರ್‌ವೆಲ್ಲಿನದೋ? ಬೋರ್‌ವೆಲ್ ಅಂತೆ. ಎಷ್ಟು ಅಡಿ? ಪಾಪ, ಆಯಮ್ಮ ಹೊರಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದರು. ಗಾಡಿಯ ಬಾಗಿಲು ಪೂರ್ವಕ್ಕೆ ಬರುತ್ತಾ? ಬರೋ ಹಾಗೆ ನಿಲ್ಲಿಸಬಹುದಂತೆ. ಅಕ್ಕಪಕ್ಕದವರು ಹೇಗೆ? ಅದಕ್ಕೆ ಬಂದ ಉತ್ತರ ಕೇಳಿ ಮಾಮ ಫೋನಿಗೆ ಕೈ ಅಡ್ಡ ಹಿಡಿದು ನಮ್ಮ ಕಡೆ ತಿರುಗಿದರು. ಮುಖದಲ್ಲಿ ಪರಮಾನಂದ. "ಪಕ್ಕದಲ್ಲಿ ಹಸುಗಳಂತೆ ಕಣೆ. ಪೂರ್ತಿ ವೆಜಿಟೇರಿಯನ್!"

ಕೊನೆಗೆ ಆಯಮ್ಮ ನಗುತ್ತಲೇ ಕೇಳಿದರು, ಯಾವತ್ತು ಬರ್ತೀರಿ ಅಂತ. ಮಾಮ ತಡವರಿಸಿದರು. ಆಮೇಲೆ ನಿಜ ಹೇಳಿದರು. ಬರೋದಿಲ್ಲ ಮೇಡಂ, ನನ್ನ ಹೆಂಡತಿಗೆ ಹೀಗಾಗಿದೆ, ಒಂದು ರಾತ್ರಿ ಹೊರಗೆ ಕರ್ಕೊಂಡು ಹೋಗಬೇಕು, ಏನೇನು ಕೇಳಬೇಕು ಅಂತ ಕಲೀತಿದ್ದೀನಿ ಅಷ್ಟೆ, ನಿಮ್ಮ ಟೈಮ್ ವೇಸ್ಟ್ ಮಾಡಿದ್ದಕ್ಕೆ ಸಾರಿ ಅಂದರು. ಆ ಕಡೆ ಬೈಯಲಿಲ್ಲ. ಅಂಥ ಯಂತ್ರದವರು ಅಲ್ಲಿಗೂ ಬಂದು ಇಳಿಯುತ್ತಾರಂತೆ, ಆಯಮ್ಮ ಇನ್ನೂ ಇಪ್ಪತ್ತು ನಿಮಿಷ ಮಾತಾಡಿದರು. ಯಂತ್ರವೂ ಮಂಚವೂ ಒಂದೇ ಎತ್ತರದಲ್ಲಿರಬೇಕು, ಹಾಗಾಗಿ ನೆಲ ಸಮವಾಗಿರೋ ಕಡೆಯೇ ಗಾಡಿ ನಿಲ್ಲಿಸಿ. ಹೊರಡುವ ಮುಂಚೆ ಒಂದು ದಿನ ಗಾಡಿಯನ್ನ ನಿಮ್ಮ ಮನೆ ಮುಂದೆಯೇ ನಿಲ್ಲಿಸಿ ಎಲ್ಲಾ ಪರೀಕ್ಷೆ ಮಾಡಿ, ನಮ್ಮ ಕಡೆ ಹಾಗೇ ಮಾಡ್ತೀವಿ ಅಂದರು.

ಸರಿ, ಮಾಮ ಹಾಗೇ ಮಾಡಿದರು. ಒಂದು ಭಾನುವಾರ ಕತ್ರಿಗುಪ್ಪೆಯ ಆ ಸಣ್ಣ ಬೀದಿಗೆ ಮಿನಿಬಸ್ಸಿನಷ್ಟು ದೊಡ್ಡ ಬಾಡಿಗೆ ಕ್ಯಾರವಾನ್, ಅಂದರೆ ನಮ್ಮ ಕಡೆಯ ಆರ್‌ವಿ, ಬಂದು ನಿಂತಿತು. ಹತ್ತು ನಿಮಿಷದಲ್ಲಿ ಬೀದಿಗೆ ಬೀದಿಯೇ ಹಾಜರ್. ಎದುರು ಮನೆ ಅಂಕಲ್ ಶುಗರ್ ರಿಪೋರ್ಟ್ ಹಿಡ್ಕೊಂಡು ಬಂದು, "ಫ್ರೀ ಚೆಕಪ್ ಎಷ್ಟು ಗಂಟೆವರೆಗೆ ಸಾರ್?" ಅಂದರು. ಅವರ ಹಿಂದೆ ಇನ್ನೂ ನಾಲ್ಕು ಜನ ಕ್ಯೂ! ಮಾಮ ಯಾರ ಕಡೆಗೂ ನೋಡಲಿಲ್ಲ. ಸ್ನಾನ ಮಾಡಿ, ಪಂಚೆಯುಟ್ಟು, ಹಾಲಿನ ಪಾತ್ರೆ ಹಿಡಿದು ಗಾಡಿ ಹತ್ತಿದರು. ಹೌದು ಸ್ವಾಮಿ, ಹಾಲು ಉಕ್ಕಿಸೋಕೆ! ಹೊಸ ಮನೆ ಹೊಕ್ಕುವಾಗ ಹಾಲು ಉಕ್ಕಿಸದೆ ಇರೋದುಂಟಾ? ಗಾಡಿಗೆ ನಾಲ್ಕು ಚಕ್ರ ಇದ್ದರೇನಂತೆ, ಮಲಗೋ ಮನೆಯೇ ತಾನೆ?

ಹಾಲು ಉಕ್ಕಿತು. ಆದರೆ ಪೂರ್ವಕ್ಕೆ ಉಕ್ಕಬೇಕಾದ್ದು ನೇರ ಪಶ್ಚಿಮಕ್ಕೆ ಹರಿದು, ಮಂಚದ ಕೆಳಗೆ ನುಗ್ಗಿ, ಕೆಳಗಿಟ್ಟಿದ್ದ ಡ್ರೈವರನ ಚಪ್ಪಲಿ ಪೂರ್ತಿ ನೆನೆಯಿತು. ನಾನು ಅಪಶಕುನ ಅಂತ ಗಾಬರಿಯಾದರೆ ಮಾಮ ಮಂಡಿಯೂರಿ ಹಾಲು ಹರಿದ ದಾರಿಯನ್ನ ಅಳತೆಪಟ್ಟಿಯಲ್ಲಿ ಅಳೀತಾ ಇದ್ದಾರೆ! "ನೋಡಿದ್ಯಾ? ನಲವತ್ತು ವರ್ಷದಿಂದ ಈ ರಸ್ತೆ ಸಮ ಇದೆ ಅಂದ್ಕೊಂಡಿದ್ದೆ. ಎರಡೂವರೆ ಇಂಚು ವಾಲಿದೆ!" ಅತ್ತೆ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡ್ಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದನ್ನ ನೋಡಿ ಎಷ್ಟು ಕಾಲವಾಗಿತ್ತೋ, ನನಗೆ ಕಣ್ಣಲ್ಲಿ ನೀರು ಬಂತು.

ಇಷ್ಟೆಲ್ಲಾ ಆದಮೇಲೆ ಹೊರಡಬೇಕು ತಾನೆ? ಉಹೂಂ. ಮಾಮ ಈಗ ಊರಿನ ಸುತ್ತಲಿನ ಕ್ಯಾಂಪ್‌ಗಳನ್ನ ಒಂದೊಂದಾಗಿ ನೋಡೋಕೆ ಹೊರಟರು. ಬೆಳಗ್ಗೆ ಮೊಸರನ್ನ ಕಟ್ಟಿಕೊಂಡು ಹೋಗೋದು, ಸಂಜೆವರೆಗೆ ಕೂರೋದು. ಅಲ್ಲಲ್ಲಿ ನೆಲದ ಮೇಲೆ ಸ್ಟೀಲ್ ತಟ್ಟೆಯಿಟ್ಟು ನೀರು ತುಂಬಿ ಯಾವ ಕಡೆ ಚೆಲ್ಲುತ್ತೆ ಅಂತ ಬಗ್ಗಿ ನೋಡೋದು. ಒಂದು ಕಡೆಯ ಮ್ಯಾನೇಜರ್ ಭಯಭಕ್ತಿಯಿಂದ ಚಪ್ಪಲಿ ಬಿಟ್ಟು, ಕೈಮುಗಿದು ಪಕ್ಕದಲ್ಲಿ ನಿಂತಿದ್ದನಂತೆ. ಒಂದು ಜಾಗದಲ್ಲಿ ಜನರೇಟರ್ ಶುರುವಾಗೋಕೆ ಹನ್ನೆರಡು ಸೆಕೆಂಡ್ ತಗೊಂಡಿತು, ಫೇಲ್. ಇನ್ನೊಂದರಲ್ಲಿ ಕೋಳಿಗಳು ಅಡ್ಡಾಡುತ್ತಿದ್ದವು, ಫೇಲ್. ಮತ್ತೊಂದರಲ್ಲಿ ಎಲ್ಲಾ ಸರಿ ಇತ್ತು. "ಇಷ್ಟು ಸರಿಯಾಗಿದೆ ಅಂದರೆ ಏನೋ ಮುಚ್ಚಿಡ್ತಿದ್ದಾರೆ" ಅಂತ ಅದೂ ಫೇಲ್! ಹೀಗೆ ಇಪ್ಪತ್ತಮೂರು ಜಾಗ. ಸಂಕ್ರಾಂತಿ ಹೋಯ್ತು, ಯುಗಾದಿ ಬಂತು.

ಒಂದು ಮಧ್ಯಾಹ್ನ ಅತ್ತೆ ನನ್ನ ಹತ್ತಿರ ಮೆಲ್ಲಗೆ ಅಂದರು: "ನಿಮ್ಮ ಮಾಮ ಹೋಗೋಕೆ ಜಾಗ ಹುಡುಕ್ತಿಲ್ಲ ಕಣೆ. ಹೋಗದೆ ಇರೋಕೆ ಕಾರಣ ಹುಡುಕ್ತಿದ್ದಾರೆ. ನನಗೇನಾದರೂ ಆಗಿಬಿಟ್ರೆ ಅಂತ ಅವರಿಗೆ ಜೀವಭಯ."

ನಾನು ಇಷ್ಟು ದಿನ ನಕ್ಕಿದ್ದೇ ನಕ್ಕಿದ್ದು. ಈ ಮಾತು ಕೇಳಿ ಪಿಚ್ಚೆನಿಸಿತು. ಆ ನಲವತ್ತೊಂದು ಪ್ರಶ್ನೆಗಳೂ ಭಯವೇ, ಆ ತಟ್ಟೆಯ ನೀರೂ ಭಯವೇ. ನನಗೆ ತಮಾಷೆಯಾಗಿ ಕಂಡಿತ್ತು ಅಷ್ಟೆ.

ಅತ್ತೆ ಮಾತ್ರ ಪಿ.ಟಿ. ಟೀಚರ್ ಅಲ್ಲವೇ, ಕೂತು ಕೊರಗೋ ಪೈಕಿಯಲ್ಲ. ಅವತ್ತೇ ಸಂಜೆ, ಮಾಮ ತರಕಾರಿಗೆ ಹೋದ ಹೊತ್ತು ನೋಡಿ, ಕನಕಪುರ ರಸ್ತೆಯ ಆಚೆಗಿನ ಒಂದು ಸಣ್ಣ ತೋಟದ ಕ್ಯಾಂಪಿಗೆ ಫೋನ್ ಮಾಡಿ, ಎರಡು ನಿಮಿಷ ಮಾತಾಡಿ, ಅಲ್ಲೇ ನಿಲ್ಲಿಸಿರೋ ಒಂದು ಪುಟ್ಟ ಕ್ಯಾರವಾನ್ ಗೊತ್ತು ಮಾಡಿಯೇಬಿಟ್ಟರು. ಮಾಮ ಬಂದು ಕೇಳಿ ಕೆಂಡಾಮಂಡಲ. "ಕರೆಂಟು ಕೇಳಿದ್ಯಾ? ಆಸ್ಪತ್ರೆ ಎಷ್ಟು ದೂರ ಕೇಳಿದ್ಯಾ? ನೆಲ ಹೇಗಿದೆ?" ಅಂತ ಕೂಗಾಡಿದರು. "ಅದು ನೀವು ಫೇಲ್ ಮಾಡಿರೋ ಜಾಗವೇ ರೀ. ಎಲ್ಲಾ ಸರಿ ಇದೆ ಅಂತ ಫೇಲ್ ಮಾಡಿದ್ರಲ್ಲ, ಅದು" ಅಂದರು ಅತ್ತೆ. ಮಾಮ ಸೀದಾ ಹೋಗಿ ತರಕಾರಿ ತೊಳೆದರು.

ಶನಿವಾರ ಮಧ್ಯಾಹ್ನ ನಾನೇ ಅವರಿಬ್ಬರನ್ನೂ ಕಾರಿನಲ್ಲಿ ಬಿಟ್ಟುಬಂದೆ. ಡಿಕ್ಕಿಯಲ್ಲಿ ಯಂತ್ರ, ಒಂದು ರಾತ್ರಿಗೆ ನಾಲ್ಕು ರಾತ್ರಿಗಾಗುವಷ್ಟು ಔಷಧದ ಚೀಲ, ಎರಡು ಬ್ಯಾಟರಿ, ಇಡೀ ಕತ್ರಿಗುಪ್ಪೆಗೆ ಹಚ್ಚಬಹುದಾದಷ್ಟು ಸ್ಯಾನಿಟೈಸರ್. ಬರುವಾಗ ತಿರುಗಿ ನೋಡಿದರೆ ಹಲಸಿನ ಮರದ ಕೆಳಗೆ ಮಾಮ ಗಾಡಿಯ ಹಿಡಿಕೆಗಳನ್ನ ಮೂರನೇ ಸಲ ಒರೆಸುತ್ತಿದ್ದರು. ಅತ್ತೆ ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತು ಕೈ ಬೀಸಿದರು.

ಮಾರನೇ ದಿನ ಬೆಳಗ್ಗೆ ಎಂಟಾಗಿತ್ತು. ಫೋನ್ ಬಂತು. ಅತ್ತೆಯ ಹೆಸರು ನೋಡಿ ಥಟ್ಟನೆ ಎತ್ತಿಕೊಂಡೆ. ಅವರು ಯಾವತ್ತೂ ಆ ಹೊತ್ತಿಗೆ ಮಾಡೋರಲ್ಲ.

"ಅತ್ತೆ, ಏನಾಯ್ತು? ನೋವಾ? ಕರೆಂಟ್ ಹೋಯ್ತಾ? ಮಾಮ ಎಲ್ಲಿ?"

"ಶ್! ಮೆತ್ತಗೆ ಮಾತಾಡೆ." ಅವರ ದನಿಯೇ ಪಿಸುಗುಟ್ಟುತ್ತಿತ್ತು. "ನಾನು ಚೆನ್ನಾಗಿದ್ದೀನಿ. ಯಂತ್ರದ ಕೆಲಸ ಮುಗಿದು ಎದ್ದು ಮರದ ಕೆಳಗೆ ಕೂತಿದ್ದೀನಿ. ನಿಮ್ಮ ಮಾಮ ಇನ್ನೂ ಎದ್ದಿಲ್ಲ."

"ಎದ್ದಿಲ್ಲವಾ! ಎಂಟು ಗಂಟೆವರೆಗೆ?"

"ರಾತ್ರಿ ಎರಡು ಸಲ ಅಲಾರಂ ಹೊಡೀತು. ನಾನೇ ಟ್ಯೂಬ್ ಸರಿಮಾಡ್ಕೊಂಡೆ. ಅವರಿಗೆ ಎಚ್ಚರವೇ ಆಗ್ಲಿಲ್ಲ. ಮನೇಲಿ ನಾಲ್ಕು ವರ್ಷದಿಂದ ಆ ಯಂತ್ರದ ಪಕ್ಕ ಕುರ್ಚಿ ಹಾಕ್ಕೊಂಡು ಕೂತೇ ಇರ್ತಾರೆ ಕಣೆ, ಬೆಳಗಾಗೋವರೆಗೂ. ಮಲಗಿ ಅಂದ್ರೆ ನಿದ್ದೆ ಬರ್ತಿಲ್ಲ ಅಂತ ಸುಳ್ಳು ಹೇಳ್ತಾರೆ. ನಾನು ಕಣ್ಣು ಮುಚ್ಕೊಂಡೇ ಎಲ್ಲಾ ನೋಡ್ತಿದ್ದೆ."

ಅತ್ತೆ ಮುಂದುವರಿಸಿದರು.

"ಅವರು ನಲವತ್ತೊಂದು ಪ್ರಶ್ನೆ ಕೇಳಿದ್ರಲ್ಲ, ಈ ಗಾಡಿಯವರಿಗೆ ಫೋನ್ ಮಾಡಿದಾಗ ನಾನು ಕೇಳಿದ್ದು ಒಂದೇ. ಮಂಚದ ಪಕ್ಕ ಕುರ್ಚಿ ಹಾಕೋಕೆ ಜಾಗ ಇದೆಯಾ ಅಂತ. ಇಲ್ಲ ಮೇಡಂ, ತುಂಬಾ ಇಕ್ಕಟ್ಟು, ಇಬ್ಬರೂ ಮಲಗಲೇಬೇಕು ಅಂದ್ರು. ತಕ್ಷಣ ಇದೇ ಕೊಡಿ ಅಂದೆ."

ನಮ್ಮ ಮನೆಯಲ್ಲಿ ಆ ಹೊತ್ತಿಗೆ ಯಾರೂ ಮಲಗಿರಲಿಲ್ಲ. ಆದರೂ ನಾನು ದನಿ ತಗ್ಗಿಸಿಕೊಂಡು, "ಎಬ್ಬಿಸಬೇಡಿ ಅತ್ತೆ" ಅಂದೆ.