ಅತ್ತೆಗೆ ತೋರಿಸಿದ ಹಡಗು

ಲಿಯೊನಿಸ್‌ನ ಕಷ್ಟಕ್ಕೆಲ್ಲ ಮೂಲ ಅವನ ಮೊಬೈಲು. ಹೋದ ವರ್ಷ ಅದರಲ್ಲಿ ಹಡಗಿನ ಜಾಡು ಹಿಡಿದು, "ಅತ್ತೆ, ಅಗೋ ನಿಮ್ಮ ಮಗನ ಟ್ಯಾಂಕರು!" ಎಂದಿದ್ದ. ಗ್ರೀಸಿನ ಆಂದ್ರೋಸ್ ದ್ವೀಪದ ಗುಡ್ಡದ ತುದಿಯಲ್ಲಿ ನಿಂತು ಅತ್ತೆ ಮಾರೂಲಿ ಅರ್ಧ ಗಂಟೆ ಚಾದರ ಬೀಸಿದ್ದಳು. ನೋಡಿದರೆ ಅದು ಯಾರದೋ ಸಿಮೆಂಟು ಸಾಗಿಸುವ ಹಡಗು. ಅಂದಿನಿಂದ ಅತ್ತೆ ಅಳಿಯನ ಜತೆ ಮಾತು ಬಿಟ್ಟಳು. ಉಪ್ಪು ಬೇಕಾದರೂ ಮಗಳಿಗೆ, "ಕತೀನಾ, ನಿನ್ನ ಗಂಡನಿಗೆ ಹೇಳು" ಎನ್ನುವಳು. ಒಂದೇ ಸೂರಿನಡಿ ಹೀಗೆ ಬಾಳಿ ಲಿಯೊನಿಸ್‌ಗೆ ಸಾಕಾಗಿಹೋಗಿತ್ತು.

ಈ ಸಲ ಎಡವುವಂತಿರಲಿಲ್ಲ. ಭಾವಮೈದುನ ಕ್ಯಾಪ್ಟನ್ ಜನ್ನಿಸ್‌ನ ಟ್ಯಾಂಕರು 'ಮಿರ್ಸೀನಿ' ಸಂಜೆ ಐದೂವರೆಗೆ ಜಲಸಂಧಿ ದಾಟಲಿತ್ತು. ಊರಿನೆದುರು ಹಾಯುವಾಗ ಕ್ಯಾಪ್ಟನ್ ತಾಯಿಗಾಗಿ ಮೂರು ಸಲ ಸೈರನ್ ಊದುವುದು ವಾಡಿಕೆ. ಲಿಯೊನಿಸ್ ಮೂರು ಗಂಟೆಗೇ ಮನೆಗೆ ಬೀಗ ಜಡಿದು ಎಲ್ಲರನ್ನೂ ಗುಡ್ಡ ಹತ್ತಿಸಿದ.

ಬ್ರೆಡ್ಡಿನಂಗಡಿಯ ಫ್ರೋಸೊ ಆಗಲೇ ದುರ್ಬೀನು, ಚಾದರ ಹಿಡಿದು ಹಾಜರಿದ್ದಳು.

"ಲಿಯೊನಿಸ್, ಆ ಹಡಗಲ್ಲಿ ಈಗ..."

"ಈಗ ಹನ್ನೆರಡು ನಾಟ್ ಸ್ಪೀಡು. ಉದ್ದ ಇನ್ನೂರ ಎಪ್ಪತ್ತನಾಲ್ಕು ಮೀಟರು."

"ಅದಲ್ಲ ಮಾರಾಯ, ಮಂಗಳವಾರ..."

"ಮಂಗಳವಾರ ರುಮೇನಿಯಾ ಬಿಟ್ಟಿದೆ. ಹದಿನೈದು ಮೀಟರು ನೀರೊಳಗಿದೆ, ಅಂದ್ರೆ ಹೊಟ್ಟೆ ತುಂಬ ಎಣ್ಣೆ. ನನಗೇ ಹೇಳ್ತೀಯಾ?"

ಫ್ರೋಸೊ ತನ್ನ ಚಾದರ ಬಿಚ್ಚಿದಳು.

ಅಷ್ಟರಲ್ಲಿ ಅತ್ತೆಯ ಚಾದರ ಗಾಳಿಗೆ ಹಾರಿ ಮುಳ್ಳುಪೊದೆ ಸೇರಿತು. ತರಹೋದ ಲಿಯೊನಿಸ್ ಚಾದರವನ್ನೇನೋ ಬಿಡಿಸಿ ತಂದ, ಪ್ಯಾಂಟಿನ ಅರ್ಧ ಅಲ್ಲೇ ಉಳಿಯಿತು.

ಐದೂವರೆಗೆ ಸರಿಯಾಗಿ 'ಮಿರ್ಸೀನಿ' ಬಂತು. ಹೆಸರು ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಂಡಿತು. ಮೂರು ಸಲ ಸೈರನ್ ಮೊಳಗಿ ಗುಡ್ಡವೇ ನಡುಗಿತು. ಮಾರೂಲಿ ಅಳುತ್ತ ಅಳಿಯನ ಎರಡೂ ಕೆನ್ನೆಗೆ ಮುತ್ತಿಟ್ಟಳು.

"ಅಳಿಯಂದ್ರೇ, ನಿಮ್ಮಂಥೋರು ಇಲ್ಲ ಕಣ್ರೀ! ಇವತ್ತು ನಿಮಗೆ ಕುರಿಮರಿ ಅಡುಗೆ."

ವರ್ಷದ ಮೇಲೆ ಕೇಳಿದ ಮಾತು. ಲಿಯೊನಿಸ್‌ನ ಕಣ್ಣೂ ತುಂಬಿತು.

"ಅಮ್ಮಾ!"

ಎಲ್ಲರೂ ತಿರುಗಿದರು. ಸೂಟ್‌ಕೇಸು ಎಳೆಯುತ್ತ, ಬೆವರು ಸುರಿಸುತ್ತ ಜನ್ನಿಸ್ ನಿಂತಿದ್ದ.

"ನಾಲ್ಕು ಗಂಟೆಗೇ ಊರಿಗೆ ಬಂದೆ. ಹೇಳ್ದೆ ಬಂದು ಖುಷಿಪಡಿಸೋಣ ಅಂದ್ರೆ ಮನೆಗೆ ಬೀಗ! ಹೊಸ್ತಿಲ ಮೇಲೆ ಕೂತೂ ಕೂತೂ ಸಾಕಾಯ್ತು."

"ಹಾಗಾದ್ರೆ ಸೈರನ್ ಊದಿದ್ದು ಯಾರು?" ಎಂದಳು ಕತೀನ.

"ನನ್ನ ಮಗ ಮಿಕೆಸ್," ಎಂದಳು ಫ್ರೋಸೊ, ಇನ್ನೂ ಚಾದರ ಬೀಸುತ್ತ. "ಮಂಗಳವಾರ ರುಮೇನಿಯಾದಲ್ಲಿ ಜನ್ನಿಸ್ ಇಳಿದ, ಅವನ ಬದಲು ಇವನು ಕ್ಯಾಪ್ಟನ್ ಆಗಿ ಹತ್ತಿದ. ಹೇಳೋಕೆ ಬಿಟ್ನಾ ಈ ಪುಣ್ಯಾತ್ಮ?"

ಮಾರೂಲಿ ಮಗನನ್ನು ತಬ್ಬಿಕೊಂಡು ಮನಸಾರೆ ನಕ್ಕಳು, ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದಳು.

"ಕತೀನಾ, ನಿನ್ನ ಗಂಡನಿಗೆ ಹೇಳು. ಹಡಗು ಸರಿಯಾಗೇ ಹುಡುಕಿದ್ದಾನೆ. ನನ್ನ ಮಗನ್ನ ಮಾತ್ರ ಬಾಗಿಲಾಚೆ ಕೂರಿಸಿದ್ದಾನೆ. ಈಗ ಆ ಸೂಟ್‌ಕೇಸು ಹೊತ್ಕೊಂಡು ಬರಲಿ."