ಬಾಮೈದ ಅಲೆಯುತ್ತಾನೆ

ಕನ್ನಡ ಪದಗಳ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವಿತ್ತು. ಹೊಸೂರಿನ ಕಾರ್ಖಾನೆಯಲ್ಲಿ ತಮಿಳು, ತೆಲುಗು, ಇಂಗ್ಲಿಷ್ ಮೂರರ ನಡುವೆ ದುಡಿದು ದಣಿದರೂ, ಒಂದು ಅರ್ಥಕ್ಕೆ ನಾಲ್ಕು ಕನ್ನಡ ಪದ ಹೇಳಬಲ್ಲೆ ಎಂದು ಬೀಗುತ್ತಿದ್ದೆ. ಹಾಗಾಗಿ ಬಾಮೈದ ಗಿರೀಶನಿಗೆ ಹೆಣ್ಣು ನೋಡಲು ಅಲ್ಲೇ ಹತ್ತಿರದ ಜವಳಗಿರಿಗೆ ಹೊರಟಾಗ ಮಾತಿನ ಹೊಣೆ ನಾನೇ ಹೊತ್ತೆ. ಯಾರೂ ಹೊರಿಸಿರಲಿಲ್ಲ!

"ನೀವು ಸುಮ್ನೆ ಕಾಫಿ ಕುಡೀರಿ, ಸಾಕು," ಎಂದು ಹೆಂಡತಿ ಸುಮಾ ಬಸ್ಸಿನಲ್ಲೇ ಎಚ್ಚರಿಸಿದ್ದಳು.

ಗಿರೀಶ ಪಂಪ್‌ಸೆಟ್ ಮೆಕ್ಯಾನಿಕ್. ಇವತ್ತು ಸೇಲಂ, ನಾಳೆ ಕೋಲಾರ. ಹುಡುಗಿಯ ತಾತ ರಾಗಿ ಬೆಳೆಯುವ ರೈತರು. ಅವರೆಲ್ಲರದೂ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಓದಿದ್ದು ತಮಿಳು.

"ಹುಡ್ಗ ಎಲ್ಲಿರ್ತಾನೆ?" ಎಂದರು ತಾತ.

"ಒಂದು ಕಡೆ ಅಂತಿಲ್ಲ ತಾತ. ಊರೂರು ಅಲೀತಾನೆ."

ತಿಂಡಿ ತಂದ ಹುಡುಗಿಯ ತಾಯಿ ಬಾಗಿಲಲ್ಲೇ ನಿಂತುಬಿಟ್ಟರು.

"ಅಲೀತಾನಾ? ಯಾರ್ ಹಿಂದೆ?"

ಸುಮಾ ಹಲ್ಲು ಕಚ್ಚಿ ನನ್ನ ಕಿವಿಯಲ್ಲಿ ಉಸುರಿದಳು: "ರೀ, ತಮಿಳಲ್ಲಿ ಹಂಗಂದ್ರೆ ಹೆಣ್ಮಕ್ಕಳ ಹಿಂದೆ ಬಿದ್ದವ್ನೆ ಅಂತ!"

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನ್ನ ಬಳಿ ಇನ್ನೂ ಪದಗಳು ಉಳಿದಿದ್ದವು.

"ಹಂಗಲ್ಲ ತಾತ. ಸುಮ್ನೆ ತಿರುಗ್ತಾ ಇರ್ತಾನೆ."

"ಓ, ತಿರುಬೋಕಿ."

"ಅಲ್ಲಲ್ಲ! ಕಾರ್ಯನಿಮಿತ್ತ ಸಂಚಾರ!"

ತಾತ ಅರ್ಥವಾಗದೆ ಸುಮಾಳ ಮುಖ ನೋಡಿದರು. ಯಾವ ಅಪಾಯವೂ ಇಲ್ಲದ, ಹಗುರವಾದ ಪದವೊಂದನ್ನು ಹುಡುಕಿ ತೆಗೆದೆ.

"ಯಾವಾಗ್ಲೂ ತೇಲಾಡ್ಕೊಂಡಿರ್ತಾನೆ ಅಂತಿಟ್ಕೊಳ್ಳಿ."

ತಾತ ಗಿರೀಶನನ್ನು ದಿಟ್ಟಿಸಿದರು. "ಹಗಲೊತ್ನಾಗೂನಾ?"

ಜನ್ಮದಲ್ಲಿ ಹೆಂಡದ ವಾಸನೆ ನೋಡದ ಗಿರೀಶ ತಲೆ ಮೇಲೆ ಕೈ ಹೊತ್ತು ಕುಳಿತ. ಆಗ ಒಳಗಿನಿಂದ ಹುಡುಗಿಯ ದನಿ ಬಂತು: "ತಾತ, ಅವ್ರನ್ನೇ ಕೇಳು. ಆ ಯಪ್ಪನ್ನ ಬಿಡು!"

ಆ ಯಪ್ಪ ನಾನು.

"ಮೋಟ್ರು ರಿಪೇರಿ ಮಾಡ್ತೀನಿ ತಾತ," ಎಂದ ಗಿರೀಶ. "ಕರೆದ ಕಡೆ ಹೋಯ್ತೀನಿ. ಶನಿವಾರ ಮನೆಗೆ ಬತ್ತೀನಿ."

"ಅಷ್ಟೇನಾ? ಮೊದ್ಲೇ ಹೇಳ್ಬಾರ್ದಾ!" ತಾತ ನಕ್ಕರು. ತಿಂಡಿಯ ತಟ್ಟೆ ಬಾಗಿಲು ದಾಟಿತು. ಸಂಬಂಧ ಕುದುರಿತು.

ವಾಪಸ್ ಬರುವ ಬಸ್ಸಿನಲ್ಲಿ ಸುಮಾ ನನ್ನ ಪಕ್ಕ ಬಿಟ್ಟು ಗಿರೀಶನ ಪಕ್ಕ ಹೋಗಿ ಕುಳಿತಳು.

ಮದುವೆಯಲ್ಲಿ ನನ್ನನ್ನು ಛತ್ರದ ಮುಂದೆ ಕಾರು ನಿಲ್ಲಿಸುವ ಜಾಗ ತೋರಿಸಲು ನೇಮಿಸಿದರು. "ಬಾಯಿ ಬೇಡ ಭಾವ, ಕೈ ಸಾಕು," ಎಂದ ಗಿರೀಶ. ಕೈಯನ್ನೇ ಬಳಸಿದೆ. ಹುಡುಗಿಯ ಸೋದರಮಾವನ ಕಾರು ನೇರ ಪಕ್ಕದ ಛತ್ರಕ್ಕೆ ಹೋಗಿ, ಅವರು ಅಲ್ಲೇ ಉಂಡು ಬಂದರು!