ಗುಬ್ಬಿಯ ಹೊಟ್ಟೆಯಲ್ಲಿ ಗಿಡುಗ

ಗೋಡೆ ಅಂದರೆ ಯಾವ ಗೋಡೆ ಎಂದು ಕೇಳದೆ ಹೋದದ್ದೇ ಲೈಲ್ ಡೆಕ್ಕರ್ ಮಾಡಿದ ತಪ್ಪು.

ಹ್ಯಾಲ್ಬರ್ಟ್ ಮೋಟಾರ್ ಕಂಪನಿಯ ಪ್ರಯೋಗದ ಷೆಡ್ಡಿನಲ್ಲಿ ಅವನ ಕೆನೆಬಣ್ಣದ ಪುಟ್ಟ ಕಾರು ಸೈಲೆನ್ಸರ್ ರಿಪೇರಿಗೆಂದು ನಿಂತಿತ್ತು. ಶುಕ್ರವಾರ ಸಂಜೆ ಷೆಡ್ಡಿನ ಮುಖ್ಯಸ್ಥ ಆರ್ಟ್ ಮಕ್ಲಸ್ಕಿ ಫೋನ್ ಮಾಡಿ, "ಗೋಡೆ ಪಕ್ಕ ನಿಲ್ಲಿಸಿದ್ದೀನಿ, ಕೀಲಿ ಅದರಲ್ಲೇ ಇದೆ, ತಗೊಂಡು ಹೋಗು" ಎಂದಿದ್ದ. ಷೆಡ್ಡಿಗೆ ನಾಲ್ಕು ಗೋಡೆಗಳಿದ್ದವು. ಕೆನೆಬಣ್ಣದ ಕಾರುಗಳೂ ಎರಡಿದ್ದವು, ಎರಡರಲ್ಲೂ ಕೀಲಿ ಇತ್ತು. ಲೈಲ್ ಬಾಗಿಲಿಗೆ ಹತ್ತಿರವಾದ ಗೋಡೆಯನ್ನು ಆರಿಸಿಕೊಂಡು, ಅದರ ಪಕ್ಕದ ಕಾರು ಹತ್ತಿ ಮನೆಗೆ ಹೊರಟ. ಕಾರ್ಖಾನೆಗಳು ಬಿಡುವ ಹೊತ್ತು. ಡೆಟ್ರಾಯಿಟಿನ ಅಷ್ಟೂ ಕಾರುಗಳು ರಸ್ತೆಯಲ್ಲಿ ಇರುವೆ ಸಾಲಿನಂತೆ ತೆವಳುತ್ತಿದ್ದವು. ಕಾರು ದಾರಿಯುದ್ದಕ್ಕೂ ಗುರುಗುಟ್ಟಿತು. ಸೈಲೆನ್ಸರ್ ಇನ್ನೂ ಕೆಟ್ಟೇ ಇದೆ, ಆರ್ಟ್ ಕೈ ಹಾಕಿದ ಕೆಲಸವೆಲ್ಲ ಇಷ್ಟೇ ಎಂದು ಲೈಲ್ ಗೊಣಗಿಕೊಂಡ.

ಲೈಲ್ ಕಂಪನಿಯ ಲೆಕ್ಕಪತ್ರ ವಿಭಾಗದ ಗುಮಾಸ್ತ. ಹೆದರುವುದರಲ್ಲಿ ಅವನಿಗೆ ಸಮನಿರಲಿಲ್ಲ. ಹೆಂಡತಿಗೆ ಹೆದರುತ್ತಿದ್ದ, ಪಕ್ಕದ ಮನೆಯವನಿಗೆ ಹೆದರುತ್ತಿದ್ದ, ಎಲ್ಲಕ್ಕಿಂತ ಹೆಚ್ಚಾಗಿ ವೇಗಕ್ಕೆ ಹೆದರುತ್ತಿದ್ದ. ಗಂಟೆಗೆ ನಲವತ್ತು ಮೈಲಿ ದಾಟಿದರೆ ಅವನ ಕಿವಿ ಗುಂಯ್ ಅನ್ನುತ್ತಿತ್ತು. ಕಾರಿನ ಊರಿನಲ್ಲಿ ಹುಟ್ಟಿ ಇಂಥ ಗುಣ ಪಡೆದದ್ದು ಅವನ ಪ್ರಾರಬ್ಧ.

ಶನಿವಾರ ಬೆಳಿಗ್ಗೆ ಮೊಟ್ಟೆ ತಿನ್ನುತ್ತಿದ್ದಾಗ ಫೋನ್ ಬಂತು.

"ಲೈಲ್, ನಿಂತಿದ್ದೀಯೋ ಕೂತಿದ್ದೀಯೋ?" ಆರ್ಟ್‌ನ ದನಿ ನಡುಗುತ್ತಿತ್ತು.

"ನಿಂತಿದ್ದೀನಿ."

"ಕೂತ್ಕೋ. ನಿನ್ ಕಾರು ಇಲ್ಲೇ ಷೆಡ್ಡಲ್ಲಿದೆ."

ಲೈಲ್ ಕಿಟಕಿಯಿಂದ ಬಗ್ಗಿ ನೋಡಿದ. "ಇಲ್ಲವಲ್ಲೋ, ಇಲ್ಲೇ ಅಂಗಳದಲ್ಲಿದೆ."

"ಅದು ನಿಂದಲ್ಲ ಕಣೋ. ಅದು ಗಿಡುಗ!"

ಲೈಲ್‌ನ ಕೈಯಲ್ಲಿದ್ದ ಮುಳ್ಳು ಚಮಚ ನೆಲಕ್ಕೆ ಬಿತ್ತು.

ಹ್ಯಾಲ್ಬರ್ಟ್ ಕಂಪನಿಯ ಆ ಪುಟ್ಟ ಕಾರಿಗೆ ಸ್ಪ್ಯಾರೋ ಎಂದು ಹೆಸರು. ಹೆಸರಿಗೆ ತಕ್ಕ ಗುಬ್ಬಿ. ಶಾಲಾ ಉಪಾಧ್ಯಾಯಿನಿಯರು, ಪಾದ್ರಿಗಳು ಮತ್ತು ಲೈಲ್‌ನಂಥವರು ಕೊಳ್ಳುವ ಬಡಪಾಯಿ ಗಾಡಿ. ಊರಿನ ಬೇರೆ ಕಂಪನಿಗಳು ಚಿಕ್ಕ ಕಾರುಗಳಿಗೆ ದೊಡ್ಡ ಎಂಜಿನ್ ಹಾಕಿ ಹುಡುಗರ ತಲೆ ಕೆಡಿಸುತ್ತಿದ್ದ ಕಾಲ ಅದು. ನಾವೂ ಒಂದು ಮಾಡೋಣ ಎಂದು ಹ್ಯಾಲ್ಬರ್ಟ್ ಎಂಜಿನಿಯರುಗಳು ಹೊರಟರು. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಂತ ಎಲ್ಲರೂ ಕೇಳಿದ್ದೇವೆ. ಇವರು ಬ್ರಹ್ಮಾಸ್ತ್ರವನ್ನು ಗುಬ್ಬಿಯ ಹೊಟ್ಟೆಗೇ ತುರುಕಿದರು. ಎಂಟು ಸಿಲಿಂಡರಿನ ಆ ರಾಕ್ಷಸನಿಗೆ ಗಿಡುಗ ಎಂದು ಗುಟ್ಟಿನ ಹೆಸರಿಟ್ಟು, ಯಾರಿಗೂ ಗುರುತು ಸಿಗದಿರಲೆಂದು ಹೊರಗಡೆಯೆಲ್ಲ ಮಾಮೂಲಿ ಗುಬ್ಬಿಯಂತೆಯೇ ಬಿಟ್ಟರು. ಒಂದೇ ಒಂದು ಕಾರು ತಯಾರಾಯಿತು. ಅಷ್ಟರಲ್ಲಿ ಕಂಪನಿಯ ಉಪಾಧ್ಯಕ್ಷ ಥರ್ಸ್ಟನ್ ಕ್ರೇಲ್ ಸಾಹೇಬರು, "ಗುಬ್ಬಿ ಗುಬ್ಬಿಯಾಗೇ ಇರಲಿ" ಎಂದು ಅಪ್ಪಣೆ ಕೊಟ್ಟು ಯೋಜನೆಯ ಕತ್ತು ಹಿಸುಕಿದರು. ಇದ್ದೊಂದು ಗಾಡಿಯನ್ನು ಈ ಶನಿವಾರ ಮಧ್ಯಾಹ್ನ ಗುಜರಿಯ ಯಂತ್ರದಲ್ಲಿ ತಮ್ಮ ಕಣ್ಣೆದುರೇ ಅಪ್ಪಚ್ಚಿ ಮಾಡಿಸಬೇಕು, ಹೊರಗಿನವರಿಗೆ ಸುಳಿವು ಸಿಗಬಾರದು ಎಂದೂ ಹೇಳಿದ್ದರು.

ಕ್ರೇಲ್ ಸಾಹೇಬರ ಮಾತು ಮೀರಿದರೆ ಏನಾಗುತ್ತದೆಂದು ಕಂಪನಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿಂದೊಮ್ಮೆ ನಕ್ಷೆ ಬರೆಯುವವನೊಬ್ಬ ಇನ್ನೂ ಹೊರಬರದ ಕಾರಿನ ಸುದ್ದಿಯನ್ನು ಭಾವಮೈದುನನ ಕಿವಿಗೆ ಹಾಕಿದ್ದ. ಊಟ ಮುಗಿಸಿ ಬರುವಷ್ಟರಲ್ಲಿ ಅವನ ಕುರ್ಚಿಯೇ ಇರಲಿಲ್ಲ. ಅಂದಿನಿಂದ ಲೈಲ್ ಊಟದಿಂದ ಬಂದೊಡನೆ ಮೊದಲು ಕುರ್ಚಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

"ನೀನೇ ಬಂದು ತಗೊಂಡು ಹೋಗೋ ಮಾರಾಯ," ಎಂದು ಲೈಲ್ ಅಂಗಲಾಚಿದ.

"ಹೇಗೋ ಬರ್ಲಿ? ಸಾಹೇಬ್ರು ಯಾವ ಗಳಿಗೇಲಾದ್ರೂ ಷೆಡ್ಡಿಗೆ ಬರಬಹುದು. ನೀನೇ ಸೀದಾ ಗುಜರಿಗೆ ತಂದುಬಿಡು. ಬಾನೆಟ್ ತೆಗೀಬೇಡ. ಯಾರ ಜೊತೆನೂ ಮಾತಾಡ್ಬೇಡ. ಮತ್ತೆ ಆ ಎಕ್ಸಲರೇಟರ್ ಇದೆಯಲ್ಲ, ಅದನ್ನ ಒತ್ತಬೇಡ."

"ಒತ್ತದೆ ಹೇಗೋ ಓಡಿಸೋದು?"

"ಒತ್ತು. ಆದ್ರೆ ಒತ್ತಬೇಡ," ಎಂದು ಹೇಳಿ ಆರ್ಟ್ ಫೋನ್ ಇಟ್ಟ.

ಲೈಲ್ ಟೋಪಿ ಹಾಕಿಕೊಂಡು ಹೊರಟಾಗ ಹೆಂಡತಿ ವರ್ನಾ ಬಾಗಿಲಿಗೆ ಬಂದಳು. "ರೀ, ಡಿಕ್ಕೀಲಿ ಚರ್ಚಿನೋರ ಗಾಜಿನ ಬೋಗುಣಿ ಇದೆ, ಇಳಿಸಿಕೊಟ್ಟು ಹೋಗಿ. ನಿಮ್ಮ ಆ ಬೌಲಿಂಗ್ ಗುಂಡು ಉರುಳಿ ಅದನ್ನ ಒಡೆದು ಹಾಕಿದ್ರೆ ನಾನು ನಾಳೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಬೋಗುಣಿ, ಗುಂಡು ಎರಡೂ ಷೆಡ್ಡಿನಲ್ಲಿದ್ದ ಅವನ ಸ್ವಂತ ಕಾರಿನ ಡಿಕ್ಕಿಯಲ್ಲಿದ್ದವು. "ಬಂದು ಇಳಿಸ್ತೀನಿ ಕಣೇ," ಎಂದು ಲೈಲ್ ಕಾರಿಗೆ ನುಗ್ಗಿದ.

ಕೀಲಿ ತಿರುಗಿಸಿದ್ದೇ ತಡ, ಪಕ್ಕದ ಅಂಗಳದಲ್ಲಿ ಕೆಂಪು ಕಾರು ತೊಳೆಯುತ್ತಿದ್ದ ಚೆಟ್ ಝೀಂಬಾ ಸ್ಪಂಜು ಹಿಡಿದುಕೊಂಡೇ ಎದ್ದು ನಿಂತ. ಚೆಟ್ ಎದುರಾಳಿ ಕಂಪನಿಯ ಎಂಜಿನ್ ವಿಭಾಗದವನು. ತಾಯಿ ಕೆಮ್ಮು ಕೇಳಿ ಮಗುವಿನ ಗುರುತು ಹಿಡಿಯುವಂತೆ ಅವನು ಸದ್ದು ಕೇಳಿ ಎಂಜಿನ್ ಯಾವುದೆಂದು ಹೇಳುತ್ತಿದ್ದ.

"ಏನಪ್ಪಾ ಲೈಲ್, ನಿನ್ ಗುಬ್ಬೀಗೆ ನೆಗಡಿಯಾ?"

"ಸೈ... ಸೈಲೆನ್ಸರ್ ಹೋಗಿದೆ."

"ಸೈಲೆನ್ಸರ್ ಹೋದ್ರೆ ಬುಡುಬುಡು ಅನ್ನುತ್ತೆ. ಇದು ಗೂಳಿ ಹಾಗೆ ಗುಟುರು ಹಾಕ್ತಿದೆ. ಬಾನೆಟ್ ಎತ್ತು, ನೋಡೇಬಿಡೋಣ."

"ಎತ್ತಲ್ಲ!" ಎಂದು ಲೈಲ್ ಕಿರುಚಿಬಿಟ್ಟ. ಹುಟ್ಟಿದಾಗಿನಿಂದ ಅವನು ಯಾರ ಮೇಲೂ ಕಿರುಚಿದವನಲ್ಲ. ಚೆಟ್‌ನ ಹುಬ್ಬು ಮೇಲೇರಿತು. ಲೈಲ್ ರಸ್ತೆಗಿಳಿಯುವಷ್ಟರಲ್ಲಿ ಅರ್ಧ ತೊಳೆದ ಕೆಂಪು ಕಾರು ನೊರೆ ಸುರಿಸುತ್ತ ಬೆನ್ನಿಗೆ ಬಿದ್ದಿತ್ತು.

ಗುಜರಿಗೆ ಹೋಗಬೇಕಾದರೆ ವುಡ್‌ವರ್ಡ್ ರಸ್ತೆಯನ್ನೇ ಹಿಡಿಯಬೇಕು. ಲೈಲ್ ಆ ರಸ್ತೆಯ ಕಡೆ ತಲೆ ಹಾಕುತ್ತಿರಲಿಲ್ಲ. ಊರಿನ ಕಾರುಹುಚ್ಚರೆಲ್ಲ ಶನಿವಾರ ಅಲ್ಲೇ ಅಡ್ಡಾಡುವುದು. ಕೆಂಪು ದೀಪದಲ್ಲಿ ನಿಂತಾಗ ಎಂಜಿನನ್ನು ಎರಡು ಸಲ ಗುಡುಗಿಸಿದರೆ ಪಕ್ಕದವನನ್ನು ಪಂದ್ಯಕ್ಕೆ ಕರೆದಂತೆ. ಬಾಯಿಬಿಟ್ಟು ಹೇಳಬೇಕಾಗಿಲ್ಲ; ಕರೆದ ಮೇಲೆ ಹಿಂದೆ ಸರಿಯುವ ಹಾಗೂ ಇಲ್ಲ.

ಮೊದಲ ಕೆಂಪು ದೀಪದಲ್ಲಿ ಚೆಟ್ ಪಕ್ಕಕ್ಕೇ ಬಂದು ನಿಂತ. ಅವನ ಮುಖ ಕಂಡದ್ದೇ ಲೈಲ್‌ನ ಬಲಗಾಲು ಗಡಗಡ ನಡುಗತೊಡಗಿತು. ಕಾಲಿನ ಕೆಳಗೆ ಎಕ್ಸಲರೇಟರ್ ಇತ್ತು. ಕಾರು ಗುಡುಗಿತು. ಆ ಸದ್ದಿಗೆ ಬೆಚ್ಚಿ ಕಾಲು ಮತ್ತೊಮ್ಮೆ ನಡುಗಿತು. ಕಾರು ಮತ್ತೊಮ್ಮೆ ಗುಡುಗಿತು.

"ಓಹೋ!" ಎಂದ ಚೆಟ್. "ಪಾದ್ರಿ ಗಾಡೀಲಿ ಕೂತು ನನ್ನನ್ನೇ ಕರೀತೀಯೇನೋ? ಬಾ ಮತ್ತೆ!"

"ಇಲ್ಲಪ್ಪ, ಕರೀಲಿಲ್ಲ, ಕಾಲು—"

ದೀಪ ಹಸಿರಾಯಿತು. ಇವನಿಂದ ದೂರ ಹೋದರೆ ಸಾಕೆಂದು ಲೈಲ್ ಪೆಡಲನ್ನು ಚೂರೇ ಚೂರು ಒತ್ತಿದ. ಆಮೇಲೆ ಏನಾಯಿತೆಂದು ಅವನಿಗೆ ಸರಿಯಾಗಿ ತಿಳಿಯಲಿಲ್ಲ. ಬೆನ್ನು ಸೀಟಿಗೆ ಅಂಟಿತು, ಅಂಗಡಿ ಸಾಲುಗಳು ನೀರಿನಂತೆ ಹರಿದುಹೋದವು, ಯಾರೋ ಅಮ್ಮಾ ಅಮ್ಮಾ ಎಂದು ಕೂಗುತ್ತಿರುವುದು ಕೇಳಿಸಿತು. ಕೂಗುತ್ತಿದ್ದವನು ತಾನೇ ಎಂಬುದು ಮುಂದಿನ ಕೆಂಪು ದೀಪದಲ್ಲಿ ಗೊತ್ತಾಯಿತು. ಕನ್ನಡಿಯಲ್ಲಿ ಕೆಂಪು ಕಾರು ಕಡಲೆಬೀಜದಷ್ಟು ಕಾಣುತ್ತಿತ್ತು.

ಈಗ ಭಯ ದುಪ್ಪಟ್ಟಾಯಿತು, ಕಾಲಿನ ನಡುಕವೂ ದುಪ್ಪಟ್ಟಾಯಿತು. ಪಕ್ಕದಲ್ಲಿ ನೀಲಿ ಕಾರಿನಲ್ಲಿ ಕೂತಿದ್ದ ತರುಣರು, "ತಾತ ಸವಾಲು ಹಾಕ್ತಿದ್ದಾನ್ರೋ!" ಎಂದು ಕೇಕೆ ಹಾಕಿದರು. ಹಸಿರು ದೀಪ ಬಂತು. ನೀಲಿ ಕಾರೂ ಕಡಲೆಬೀಜವಾಯಿತು. ಅದರ ಮುಂದಿನ ದೀಪದಲ್ಲಿ ಪಕ್ಕ ನಿಂತದ್ದು ಪೊಲೀಸ್ ಗಾಡಿ. ಲೈಲ್ ಬಲಮೊಣಕಾಲನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದ. ಕಾರು ಆದರೂ ಎರಡು ಸಲ ಗುಡುಗಿತು.

ಪೊಲೀಸಿನವನು ತಲೆ ಹೊರಗೆ ಹಾಕಿ ಕೆನೆಬಣ್ಣದ ಗಾಡಿಯನ್ನೂ ಬೆವೆತ ಗುಮಾಸ್ತನನ್ನೂ ನೋಡಿದ. "ಏನ್ರೀ ಯಜಮಾನ್ರೇ, ಪೊಲೀಸ್ ಗಾಡೀಗೇ ಸವಾಲಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. "ಇದು ಓಡೋದಾದ್ರೆ ನಮ್ಮಜ್ಜೀನೂ ಓಡ್ತಾಳೆ. ಹೋಗಿ, ಸೈಲೆನ್ಸರ್ ರಿಪೇರಿ ಮಾಡಿಸಿ."

ಗುಜರಿಯ ಗೇಟು ಕಂಡಾಗ ಲೈಲ್‌ಗೆ ಅಳುವೇ ಬಂತು. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು, ಕಾರಿಗೆ ಗೀರೂ ಬಿದ್ದಿರಲಿಲ್ಲ. ಈ ಪಿಶಾಚಿಯನ್ನು ಯಂತ್ರದ ಬಾಯಿಗೆ ಕೊಟ್ಟು ತನ್ನ ಮುದ್ದು ಗುಬ್ಬಿಯಲ್ಲಿ ಮನೆಗೆ ಹೋಗುವುದು, ಅಷ್ಟೇ ಬಾಕಿ.

ಆರ್ಟ್ ಬಿಳುಚಿದ ಮುಖ ಹೊತ್ತು ಓಡಿಬಂದ. ಅವನ ಹಿಂದೆ, ಯಂತ್ರದ ಮುಂದೆ, ಒಂದು ಚೌಕನೆಯ ಕೆನೆಬಣ್ಣದ ಲೋಹದ ಮುದ್ದೆ ಕೂತಿತ್ತು. ಮುದ್ದೆಯ ಒಂದು ಮಗ್ಗುಲಿನಿಂದ ನೇರಳೆ ಬಣ್ಣದ ಬೌಲಿಂಗ್ ಗುಂಡು ಹೊರಗೆ ಇಣುಕುತ್ತಿತ್ತು. ಬೆರಳು ತೂರಿಸುವ ಅದರ ಮೂರು ತೂತುಗಳು ಲೈಲ್‌ನನ್ನೇ ದುರುಗುಟ್ಟಿ ನೋಡುತ್ತಿದ್ದವು.

"ನನ್... ನನ್ ಗುಂಡು!" ಎಂದ ಲೈಲ್.

"ಬಾಯ್ಮುಚ್ಚೋ!" ಆರ್ಟ್ ಪಿಸುಗುಟ್ಟಿದ. "ಗಾಲ್ಫ್‌ಗೆ ಹೊತ್ತಾಯ್ತು ಅಂತ ಸಾಹೇಬ್ರು ಮುಂಚೆನೇ ಷೆಡ್ಡಿಗೆ ಬಂದ್ಬಿಟ್ರು. ಕೆನೆಬಣ್ಣದ ಗಾಡಿ ಕಂಡ್ರು, ಇದೇ ತಾನೇ ಅಂದ್ರು. ಅಲ್ಲ ಅಂದ್ರೆ ಅದೆಲ್ಲಿ ಅಂತ ಕೇಳ್ತಾರೆ. ನಾನೇನ್ ಹೇಳ್ಲಿ? ಗುಮಾಸ್ತನ ಮನೇಲಿದೆ ಅನ್ಲಾ? ಇಬ್ಬರ ಕುರ್ಚೀನೂ ಹೋಗ್ತಿತ್ತು."

"ಆ ಗುಂಡು ಕಂಡ್ರೂ ಅವರಿಗೆ ಅನುಮಾನ ಬರಲಿಲ್ವಾ?"

"ಏನದು ಅಂದ್ರು. ಗಾಡಿಯ ತೂಕ ಸರಿದೂಗಿಸೋ ಗುಂಡು ಅಂದೆ. ನೋಡಿ, ಇಂಥ ದುಂದುವೆಚ್ಚಕ್ಕೇ ನಾನಿದನ್ನ ನಿಲ್ಲಿಸಿದ್ದು ಅಂದ್ರು."

ಕ್ರೇಲ್ ಸಾಹೇಬರು ಮುಂಚೆ ರೆಫ್ರಿಜರೇಟರ್ ಮಾರುತ್ತಿದ್ದವರು. ಎಂಜಿನ್ ವಿಷಯದಲ್ಲಿ ಅವರಿಗೆ ಗೊತ್ತಿದ್ದದ್ದು ಅದು ಕಾರಿನ ಮುಂಭಾಗದಲ್ಲಿರುತ್ತದೆ ಎಂಬುದೊಂದೇ.

"ಹಾಗಾದ್ರೆ ಇದನ್ನೇನು ಮಾಡ್ಲೋ?" ಲೈಲ್ ಗಿಡುಗದ ಕಡೆ ಕೈ ತೋರಿಸಿದ.

"ಇನ್ಮೇಲೆ ಇದೇ ನಿನ್ ಕಾರು. ಗಿಡುಗ ಸತ್ತುಹೋಯ್ತು, ಸಾಹೇಬ್ರೇ ಕಣ್ಣಾರೆ ನೋಡಿದ್ದಾರೆ. ಬಾಯಿ ಮುಚ್ಕೊಂಡು ಮನೆಗೆ ಹೋಗು."

"ಏನ್ರೀ ಡೆಕ್ಕರ್!" ಎಂದು ಹಿಂದಿನಿಂದ ದನಿ ಬಂತು. ಕ್ರೇಲ್ ಸಾಹೇಬರು ಗಾಲ್ಫ್ ಕೋಲುಗಳ ಚೀಲ ಹೊತ್ತು ನಗುತ್ತ ಬರುತ್ತಿದ್ದರು. "ನಮ್ಮ ಕಂಪನಿ ಗಾಡೀನೇ ಇಟ್ಕೊಂಡಿದ್ದೀರಿ, ಬಹಳ ಸಂತೋಷ. ನನ್ನ ಡ್ರೈವರ್ ಕಾಫಿಗೆ ಹೋದವನು ಪತ್ತೆಯಿಲ್ಲ. ಕ್ಲಬ್ಬಿಗೆ ಬಿಟ್ಟುಬಿಡಿ, ಹಾಗೇ ನಮ್ಮ ಗುಬ್ಬಿ ಹೇಗಿದೆ ಅಂತ ನೋಡಿದ ಹಾಗೂ ಆಯ್ತು."

ಲೈಲ್ ಆರ್ಟ್‌ನ ಮುಖ ನೋಡಿದ. ಆರ್ಟ್ ಆಕಾಶ ನೋಡಿದ.

ವುಡ್‌ವರ್ಡ್ ರಸ್ತೆಯ ಕೆಂಪು ದೀಪದಲ್ಲಿ ಯಾರನ್ನು ಕಾಣಬಾರದಿತ್ತೋ ಅವನೇ ಇದ್ದ. ಸೋಪಿನ ನೊರೆ ಒಣಗಿದ ಕೆಂಪು ಕಾರಿನಲ್ಲಿ ಚೆಟ್ ಹಲ್ಲು ಕಡಿಯುತ್ತಿದ್ದ. ಅವನ ಹಿಂದೆ ನೀಲಿ ಕಾರು, ಅದರ ಹಿಂದೆ ಇನ್ನೂ ನಾಲ್ಕಾರು. ಸುದ್ದಿ ಇಡೀ ರಸ್ತೆಗೆ ಹಬ್ಬಿತ್ತು. ಲೈಲ್ ದೇವರನ್ನು ನೆನೆದ, ಕಾಲನ್ನು ಬೇಡಿಕೊಂಡ. ದೇವರಿಗೂ ಕೇಳಿಸಲಿಲ್ಲ, ಕಾಲಿಗೂ ಕೇಳಿಸಲಿಲ್ಲ. ಗುಡುಗು ಎರಡು ಸಲ ಹೊಮ್ಮಿತು.

ಕ್ಲಬ್ಬಿನ ಬಾಗಿಲಲ್ಲಿ ಕಾರು ನಿಂತಾಗ ಸಾಹೇಬರ ಟೋಪಿ ಹಿಂದಿನ ಸೀಟಿನಲ್ಲಿತ್ತು, ಗಾಲ್ಫ್ ಕೋಲುಗಳು ಅವರ ಮಡಿಲಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು. ಅವರು ಒಂದೊಂದೇ ಕೋಲು ಎತ್ತಿ ಚೀಲಕ್ಕೆ ತುಂಬಿದರು. ಲೈಲ್ ಮನಸ್ಸಿನಲ್ಲೇ ತನ್ನ ಕುರ್ಚಿಗೆ ಕೈಮುಗಿದು ಬೀಳ್ಕೊಟ್ಟ.

"ಡೆಕ್ಕರ್," ಎಂದರು ಸಾಹೇಬರು ಕೊನೆಗೆ. "ಇದರಲ್ಲಿರೋದು ಮಾಮೂಲಿ ಗುಬ್ಬಿಯ ಎಂಜಿನ್ ತಾನೇ?"

"ಮಾ... ಮಾಮೂಲಿ, ಸಾರ್."

ಸಾಹೇಬರು ತೊಡೆ ತಟ್ಟಿಕೊಂಡರು. "ನೋಡಿದ್ರಾ ಮತ್ತೆ! ಮಾಮೂಲಿ ಗುಬ್ಬೀನೇ ಹೀಗೆ ಹಾರೋದಾದ್ರೆ ಆ ಗಿಡುಗ ಯಾಕ್ರೀ ಬೇಕಿತ್ತು? ಅಪ್ಪಚ್ಚಿ ಮಾಡಿಸಿದ್ದು ಒಳ್ಳೇದೇ ಆಯ್ತು. ಆ ಎಂಜಿನಿಯರುಗಳಿಗೆ ಬುದ್ಧಿ ಕಲಿಸ್ತೀನಿ. ಸೋಮವಾರ ಪತ್ರಿಕೆಯವರನ್ನೆಲ್ಲ ಕರೆಸ್ತೀನಿ. ಟ್ರ್ಯಾಕಿನಲ್ಲಿ ನೀವೇ ಇದನ್ನ ಓಡಿಸಿ ತೋರಿಸ್ಬೇಕು. ಆಮೇಲೆ ಎಲ್ಲರ ಮುಂದೆ ನಾನೇ ನನ್ನ ಕೈಯಾರೆ ಬಾನೆಟ್ ಎತ್ತಿ ಎಂಜಿನ್ ತೋರಿಸ್ತೀನಿ."

ಲೈಲ್‌ನ ಕಾಲು ನಡುಗಿತು. ಕಾರು ಎರಡು ಸಲ ಗುಡುಗಿತು.

ಕೆಳಗಿಳಿಯುತ್ತಿದ್ದ ಕ್ರೇಲ್ ಸಾಹೇಬರು ತಿರುಗಿ ನೋಡಿ, ಮೆಚ್ಚಿಕೊಂಡು ಬಾನೆಟ್ಟಿನ ಮೇಲೆ ಮೆಲ್ಲಗೆ ತಟ್ಟಿದರು. "ನೋಡಿ, ಅದಕ್ಕೂ ಆಗಲೇ ಆತುರ!"